ಬಾಯಿ ಬಡಿದುಕೊಳ್ಳುವ ಪಾಠ

ಆಸ್ಪತ್ರೆಯವರು ನರ್ಸುಗಳಿಗೆಲ್ಲ ಒಂದೊಂದು ರಬ್ಬರ್ ಚೆಂಡು ಹಂಚಿದ್ದರು. ನೇರಳೆ ಬಣ್ಣದ್ದು, ಅಂಗೈಯಲ್ಲಿ ಹಿಡಿದು ಹಿಂಡುವಷ್ಟು ಮೆತ್ತಗಿನದು. ಹಿಂಡಿದರೆ ಮನಸ್ಸಿನ ಭಾರ ಇಳಿಯುತ್ತದೆ, ನೆಲಕ್ಕೆ ಒಗೆದರೆ ಪುಟಿದೇಳುತ್ತದೆ, ನೀವೂ ಹೀಗೆಯೇ ಪುಟಿದೇಳಬೇಕು ಎಂದು ಅದರ ಜೊತೆಗೊಂದು ಮುದ್ದಾದ ಭಾಷಣ. ಚೆಂಡು ತನ್ನಷ್ಟಕ್ಕೆ ತಾನೇ ಪುಟಿಯುವುದಿಲ್ಲ, ಅದನ್ನು ಯಾರಾದರೂ ನೆಲಕ್ಕೆ ಬಡಿಯಬೇಕು ಎನ್ನುವ ಮಾತು ಭಾಷಣದಲ್ಲಿರಲಿಲ್ಲ. ಬಡಿಯುವವರು ಯಾರು ಎನ್ನುವುದಂತೂ ಇರಲೇ ಇಲ್ಲ.

ವೈಶಾಲಿ ತನ್ನ ಪಾಲಿನ ಚೆಂಡನ್ನು ಅಮೆರಿಕದ ಸಿಯಾಟಲ್ ಪಕ್ಕದ ನ್ಯೂಕ್ಯಾಸಲ್‌ನ ಮನೆಗೆ ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟಳು. ಬಾಗಲಕೋಟೆಯಿಂದ ಮಗನ ಮನೆಗೆ ಬಂದಿದ್ದ ಅವಳ ಅತ್ತೆ ಪಾರ್ವತೆವ್ವ ಅದನ್ನು ತರಕಾರಿಯ ಜೊತೆಗೆ ತೊಳೆದು, ತಿರುಗಿಸಿ ತಿರುಗಿಸಿ ನೋಡಿದಳು.

“ಯವ್ವಾ ವೈಶಾಲಿ, ಇದೆಂಥಾ ಬದನಿಕಾಯಿ? ತೊಟ್ಟೇ ಇಲ್ಲಲ್ಲ!”

“ಅದು ತಿನ್ನೂದಲ್ರಿ ಅತ್ತಿ, ಹಿಂಡೂದು. ದವಾಖಾನಿಯವ್ರು ಕೊಟ್ಟಾರ, ನಮ್ಮ ಮನಸ್ಸಿಗಿ ಸಮಾಧಾನ ಆಗ್ಲಿ ಅಂತ.”

“ಊಟಕ್ಕ ಬಿಡ್ತಾರನು ಈಗ?”

“ಎಲ್ಲಿ ಬಿಡ್ತಾರ್ರೀ.”

“ಹಂಗಾರ ಇದನ್ನ ಎಣ್ಣಿಗಾಯಿ ಮಾಡಿ ಡಬ್ಬಿಗಿ ಹಾಕ್ತೀನಿ ತಗೋ. ಹೆಂಗೂ ಹೊರಳಿ ಬರ್ತೈತಿ.”

ಮೊದಲಿನ ವೈಶಾಲಿಯಾಗಿದ್ದರೆ ಈ ಮಾತಿಗೆ ಗೋಡೆ ಹಿಡಿದು ನಗುತ್ತಿದ್ದಳು. ಈಗ ತುಟಿಯನ್ನು ಇಷ್ಟೇ ಇಷ್ಟು ಅಗಲಿಸಿದಳು. ಪಾರ್ವತೆವ್ವ ಅದನ್ನು ಕಂಡೂ ಕಾಣದ ಹಾಗೆ ನಲ್ಲಿ ತಿರುಗಿಸಿದಳು.

ಹಿಂದಿನ ವರ್ಷದ ಅಕ್ಟೋಬರಿನಲ್ಲಿ ಹಂದಿಜ್ವರ ಸಿಯಾಟಲ್ ಸುತ್ತಿನ ಊರುಗಳ ಮೇಲೆ ಎರಡನೆಯ ಸಲ ಎರಗಿದಾಗ, ವೈಶಾಲಿಯ ತೀವ್ರ ನಿಗಾ ಘಟಕದಲ್ಲಿ ಹಾಸಿಗೆ ಆರುವ ಹೊತ್ತೇ ಇರಲಿಲ್ಲ. ಮುದುಕರನ್ನು ಹುಡುಕಿಕೊಂಡು ಹೋಗುವ ಜ್ವರ ಇದಾಗಿರಲಿಲ್ಲ. ಹರೆಯದವರನ್ನೇ, ಅದರಲ್ಲೂ ಬಸುರಿಯರನ್ನೇ ಆರಿಸಿಕೊಂಡಿತು. ಏಳನೆಯ ಹಾಸಿಗೆಗೆ ಬಂದವಳು ದಿನ ತುಂಬಿದ ಬಸುರಿ. ಕೂಸು ಉಳಿಯಿತು, ತಾಯಿ ಉಳಿಯಲಿಲ್ಲ. ಅವಳ ಕೂದಲು ಬಾಚಿ, ಮುಖ ಒರೆಸಿ ಕಳಿಸಿಕೊಟ್ಟು ವೈಶಾಲಿ ಕೈ ತೊಳೆಯುವಷ್ಟರಲ್ಲಿ ಅದೇ ಹಾಸಿಗೆಗೆ ಇನ್ನೊಬ್ಬರು ಬಂದು ಮಲಗಿದ್ದರು. ಅಳುವುದಕ್ಕೆ ಪಾಳಿಯಲ್ಲಿ ಜಾಗವಿರಲಿಲ್ಲ. ಆಮೇಲೆ ಅತ್ತರಾಯಿತು ಎಂದುಕೊಂಡಳು. ಆ ಆಮೇಲೆ ಎನ್ನುವುದು ಬರಲೇ ಇಲ್ಲ. ಅಳುವಿನ ಹಿಂದೆಯೇ ನಗುವೂ ಮನೆ ಬಿಟ್ಟು ಹೋಯಿತು.

ಈಗ ಫೆಬ್ರವರಿ ಮುಗಿಯುತ್ತ ಬಂದಿತ್ತು. ಜ್ವರ ಇಳಿದಿತ್ತು, ನರ್ಸುಗಳು ಎದ್ದಿರಲಿಲ್ಲ. ವೈಶಾಲಿ ಸೂಜಿ ತಪ್ಪುತ್ತಿರಲಿಲ್ಲ, ಔಷಧಿ ತಪ್ಪುತ್ತಿರಲಿಲ್ಲ. ಆದರೆ ರೋಗಿಯ ಕೈ ಹಿಡಿದರೆ ಅದು ಕೈಯೋ ಕಟ್ಟಿಗೆಯೋ ಎಂದು ತಿಳಿಯುತ್ತಿರಲಿಲ್ಲ. ಅವಳನ್ನು ಹೆದರಿಸಿದ್ದು ಇದು. ಹುಡುಗಿಯಾಗಿದ್ದಾಗ ಹಟ ಹಿಡಿದು ಕಲಿತ ಕೆಲಸ. ಮನುಷ್ಯರ ಮೈ ಮುಟ್ಟುವ ಕೆಲಸವೇ ಬೇಕು ಎಂದು ಅಪ್ಪನೆದುರು ನಿಂತು ಗೆದ್ದ ಕೆಲಸ. ಅದು ಕೈಯಿಂದಲೇ ಜಾರುತ್ತಿತ್ತು.

ಗಂಡ ಪ್ರಶಾಂತ ಎಂಜಿನಿಯರು. ಕೆಟ್ಟದ್ದನ್ನು ಬಿಚ್ಚಿ ಬೇರೆ ಭಾಗ ಜೋಡಿಸುವುದು ಅವನ ಸ್ವಭಾವ. ಕೆನ್ಮೋರ್‌ನಲ್ಲಿ ಒಂದು ಟೆಲಿಫೋನ್ ಸಲಹೆಯ ಕೆಲಸ ಖಾಲಿ ಇರುವುದನ್ನು ಅವನೇ ಹುಡುಕಿದ್ದ. ನರ್ಸುಗಳು ಕುರ್ಚಿಯಲ್ಲಿ ಕುಳಿತು, ಕಿವಿಗೆ ಹೆಡ್‌ಫೋನ್ ಏರಿಸಿಕೊಂಡು, ಕರೆ ಮಾಡಿದವರಿಗೆ ಜ್ವರ ಎಷ್ಟಿದೆ, ನೀರು ಕುಡಿದಿರಾ ಎಂದು ಕೇಳುವ ಕೆಲಸ. ಅಲ್ಲಿನ ಮೇಲ್ವಿಚಾರಕಿ ವೈಶಾಲಿಯನ್ನು ಮಾತಾಡಿಸಿ ಒಪ್ಪಿದ್ದೂ ಆಗಿತ್ತು. ಬರುತ್ತೀಯೋ ಇಲ್ಲವೋ ಎಂದು ಸೋಮವಾರ ಸಂಜೆಯೊಳಗೆ ಹೇಳಬೇಕಿತ್ತು.

“ಅಲ್ಲಿ ಯಾರೂ ನಿನ್ನ ಎದುರಿಗೆ ಸಾಯಂಗಿಲ್ಲ ನೋಡು,” ಎಂದಿದ್ದ ಪ್ರಶಾಂತ.

“ಯಾರೂ ಬದುಕೂದೂ ಇಲ್ರಿ,” ಎಂದಿದ್ದಳು ವೈಶಾಲಿ. ಆದರೂ ಬೇಡ ಎಂದು ಹೇಳಿರಲಿಲ್ಲ.

ಅದೇ ಸೋಮವಾರ ಆಸ್ಪತ್ರೆಯಲ್ಲಿ ‘ವೆಲ್‌ನೆಸ್ ಡೇ’ ಎಂಬ ಹಬ್ಬ. ನರ್ಸುಗಳ ಮೇಲಧಿಕಾರಿ ಲಿಂಡ್ಸೆ ಕೆಟ್ಟ ಹೆಂಗಸಲ್ಲ. ಮೇಲಿನವರು ಹೊಸ ನರ್ಸುಗಳನ್ನು ಕೊಡದೆ ಚೆಂಡು ಕೊಟ್ಟಾಗ ಆ ಚೆಂಡನ್ನು ನಗುತ್ತ ಹಂಚುವ ಪಾಡು ಅವಳದು. ಅವಳು ಆಸ್ಪತ್ರೆಯ ಕಾರಿಡಾರಿನಲ್ಲಿ ವೈಶಾಲಿಯನ್ನು ಹಿಡಿದು ನಿಲ್ಲಿಸಿ, “ನೀನು ಭಾರತದವಳು, ಯೋಗದಲ್ಲೇ ಹುಟ್ಟಿ ಬೆಳೆದಿರುತ್ತೀ. ಸೋಮವಾರ ನಮಗೆಲ್ಲ ನಿನ್ನ ಸಂಪ್ರದಾಯದ ಒಂದು ಸಮಾಧಾನದ ಅಭ್ಯಾಸ ಮಾಡಿಸುತ್ತೀಯಾ?” ಎಂದು ಕೇಳಿದಳು. ಮರಗಟ್ಟಿದವರ ಲಕ್ಷಣವೇ ಕೇಳಿದ್ದಕ್ಕೆಲ್ಲ ಹೂಂ ಅನ್ನುವುದು. ವೈಶಾಲಿ ಹೂಂ ಅಂದಳು. ಅವಳ ಜನ್ಮದಲ್ಲಿ ಯೋಗವೆಂದರೆ ಶಾಲೆಯ ಡ್ರಿಲ್ ಪೀರಿಯಡ್ಡಿನಲ್ಲಿ ಒಂಟಿ ಕಾಲಿನ ಮೇಲೆ ನಿಂತು ಬಿದ್ದದ್ದು.

ಭಾನುವಾರ ಮಧ್ಯಾಹ್ನ ಗೆಳತಿ ಯಾಮಿನಿ ರಕ್ಷಣೆಗೆ ಬಂದಳು. ಬೆಂಗಳೂರಿನವಳು, ಸಿಯಾಟಲ್‌ನ ಫ್ರೀಮಾಂಟ್ ಬಡಾವಣೆಯ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸ, ಕಾರಿನ ಡಿಕ್ಕಿಯಲ್ಲಿ ಸದಾ ಯೋಗದ ಚಾಪೆ.

“ಅಯ್ಯೋ, ಅದೇನ್ ಮಹಾ ವೈಶಾಲಿ! ಮೊದ್ಲು ಪ್ರಾಣಾಯಾಮ ಮಾಡ್ಸು, ಆಮೇಲೆ ಶವಾಸನ, ಲಾಸ್ಟಲ್ಲಿ ಒಂದು ಓಂ. ಮುಗೀತು. ನಾನು ಆಫೀಸಲ್ಲಿ ಮಾಡ್ಸಿದೀನಿ ಗೊತ್ತಾ? ಅರ್ಧ ಟೀಮ್ ನಿದ್ದೆ ಹೊಡೀತು. ಎಲ್ರೂ ಥ್ಯಾಂಕ್ಸ್ ಹೇಳಿದ್ರು.”

ವೈಶಾಲಿ ಮೂಗು ಹಿಡಿದಳು. “ಬಲಗಡೆದು ಮೊದಲೋ ಎಡಗಡೆದೋ?”

“ಯಾವ್ದಾದ್ರೂ ಹಿಡ್ಕೊ, ಅಮೆರಿಕನ್ನರಿಗೆ ಏನ್ ಗೊತ್ತಾಗುತ್ತೆ.”

ಹೂರಣ ರುಬ್ಬುತ್ತಿದ್ದ ಪಾರ್ವತೆವ್ವ ಒಳಗಿನಿಂದಲೇ ಕೂಗಿದಳು: “ನಮ್ಮ ಮನಿತನದಾಗ ಮೂಗು ಹಿಡಿದವ್ರು ಯಾರೂ ಇಲ್ಲ ಯಾಮಿನಿ. ಬಾಯಿ ಬಡಕೊಂಡವ್ರು ಅದಾರ. ಇವತ್ತು ಹೋಳಿ ಹುಣ್ಣಿಮಿ, ಊರಾಗ ಈಗ ಹಲಗಿ ವಾದ್ಯ ಹೆಂಗ ಬಾರ್ಸಾಕತ್ತಿರತಾರ!”

“ಹೋಳಿ ಅಂದ್ರೆ ಕಲರ್ಸ್ ಅಲ್ವಾ ಆಂಟಿ?”

“ಬಣ್ಣ ಆಮ್ಯಾಲ. ಮೊದಲ ಕಾಮಣ್ಣನ್ನ ಸುಡಬೇಕು. ಸುಟ್ಟ ಮ್ಯಾಲ ಸತ್ತ ಅಂತ ಹೊಯ್ಕೋಬೇಕು. ಏ ಪ್ರಶಾಂತ, ತೋರ್ಸೋ ಆಕಿಗಿ!”

ಪ್ರಶಾಂತ ಅತ್ತಿತ್ತ ನೋಡಿದ. ಕಂಪನಿಯ ಟೀ ಶರ್ಟು, ಕನ್ನಡಕ, ಬೋಳಾಗುತ್ತಿರುವ ನೆತ್ತಿ. ಅಕ್ಕಿಯ ಖಾಲಿ ಡಬ್ಬಿಯೊಂದು ಕಣ್ಣಿಗೆ ಬಿತ್ತು. ಅದನ್ನು ಕಂಕುಳಿಗೇರಿಸಿ ಎರಡು ಪೆಟ್ಟು ಹಾಕಿದ್ದೇ ತಡ, ಎಂಜಿನಿಯರು ಎಲ್ಲಿ ಹೋದನೋ, ಬಾಗಲಕೋಟೆಯ ಓಣಿಯ ಹುಡುಗ ಎದ್ದು ಬಂದ. “ಕಾಮಣ್ಣ ಸತ್ತಾ...” ಎಂದು ರಾಗ ಎಳೆದು, ಮುಂಗೈಯಿಂದ ಬಾಯಿ ಬಡಿದುಕೊಂಡು “ಲಬೋ ಲಬೋ ಲಬೋ” ಎಂದು ಕೂಗಿದ. ಯಾಮಿನಿ ಹೌಹಾರಿ ಸೋಫಾದ ಅಂಚಿಗೆ ಸರಿದಳು.

“ಮತ್ತೆ ಆಂಟಿ, ನೀವೂ ಮಾಡ್ತಿದ್ರಾ?”

ಪಾರ್ವತೆವ್ವ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. “ಎಲ್ಲಿ ಬಂತವಾ. ಹೆಣ್ಮಕ್ಕಳು ಬಾಗಲದಾಗ ನಿಂತು ನೋಡೂದು. ಗಂಡಸರಿಗಿ ಅಳಾಕ ವರ್ಷಕ್ಕೊಂದು ಸುಳ್ಳ ಹೆಣ ಕೊಟ್ಟಾರ, ಕುಣದು, ಹಲಗಿ ಬಡದು, ಬೈದು ಹಗುರಾಗಿ ಮನಿಗಿ ಬರ್ತಾರ. ನಮಗ ಖರೇ ಹೆಣ ಬೀಳೂತನಕ ಬಾಯಿ ಬಿಡೂ ಹಂಗಿಲ್ಲ.”

ಆ ಮಾತು ಹೇಳಿ ಅವಳು ಹೊರಗೆ ನೋಡಿದಳು. ಕಿಟಕಿಯಾಚೆ ನ್ಯೂಕ್ಯಾಸಲ್‌ನ ನೆಟ್ಟಗಿನ ರಸ್ತೆ, ಕತ್ತರಿಸಿಟ್ಟ ಹುಲ್ಲು, ನಾಯಿ ಹಿಡಿದು ಹೊರಟ ಒಬ್ಬ ಬಿಳಿಯ ಮುದುಕ.

“ಇಲ್ಲಿ ನನ್ನ ಯಾರ್ ನೋಡ್ತಾರ?” ಎಂದಳು ಪಾರ್ವತೆವ್ವ. “ಏ ಮಗನ, ಬಾರ್ಸು.”

ಬಾರಿಸಿದ. ಅರವತ್ತು ದಾಟಿದ ಆ ಹೆಂಗಸು ಸೆರಗು ಸಿಕ್ಕಿಸಿ, ಕತ್ತು ಮೇಲೆತ್ತಿ ಹೊಯ್ಕೊಂಡ ರಭಸಕ್ಕೆ ಹೊರಗಿನ ನಾಯಿ ಬೊಗಳತೊಡಗಿತು. “ಲಬೋ ಲಬೋ! ನನ್ನ ಮೊಳಕಾಲು ಸತ್ತೂ, ಲಬೋ ಲಬೋ! ನಮ್ಮತ್ತಿ ಕೊಡದ ಬಂಗಾರದ ಸರ ಸತ್ತಿತೂ, ಲಬೋ ಲಬೋ!” ಮುಗಿಸಿದಾಗ ಮುಖ ಕೆಂಪಗೆ, ಕಣ್ಣು ಫಳಫಳ. “ಅಯ್ಯ ಶಿವನ! ಇಷ್ಟು ಚಲೋ ಇರ್ತೈತಂತ ಯಾರೂ ಹೇಳಿದ್ದಿಲ್ಲಲ್ಲೋ!”

ಯಾಮಿನಿ ಹೊಟ್ಟೆ ಹಿಡಿದುಕೊಂಡು ಬಿದ್ದಿದ್ದಳು. ವೈಶಾಲಿಯ ನಗುವೂ ಗಂಟಲಿನವರೆಗೆ ಬಂದು ಹಿಂದಕ್ಕೆ ಹೋಯಿತು. “ನಾಳೆ ಪ್ರಾಣಾಯಾಮಾನೇ ಮಾಡಿಸ್ತೀನಿ,” ಎಂದಳು ಸಣ್ಣ ದನಿಯಲ್ಲಿ.

ಸೋಮವಾರ ಸಭಾಂಗಣದಲ್ಲಿ ಸಾಲಾಗಿ ಚಾಪೆಗಳು. ಪಾಳಿ ಮುಗಿಸಿ ಬಂದವರು, ಪಾಳಿಗೆ ಹೋಗುವ ಮುನ್ನ ಬಂದವರು, ಒಟ್ಟು ನಲವತ್ತರ ಹತ್ತಿರ ನರ್ಸುಗಳು. ಮೂಗು ಹಿಡಿಸುವ ಪಾಠ ಮೊದಲ ಹೆಜ್ಜೆಯಲ್ಲೇ ಮುಗ್ಗರಿಸಿತು. ಐದು ತಿಂಗಳಿಂದ ಆಸ್ಪತ್ರೆಯ ಗೋಡೆಗೋಡೆಯ ಮೇಲೆ ‘ಮೂಗು ಬಾಯಿ ಮುಟ್ಟಬೇಡಿ’ ಎಂದು ಬರೆದಿತ್ತು. ಮನಿಲಾದಿಂದ ಬಂದು ಇಲ್ಲೇ ನೆಲೆಸಿದ ಮಾರಿಬೆಲ್, ವೈಶಾಲಿಯ ಜೊತೆ ಏಳನೆಯ ಹಾಸಿಗೆಯ ಬಳಿ ನಿಂತಿದ್ದವಳು, ಮೂಗಿನ ಹತ್ತಿರ ಬೆರಳು ಒಯ್ದು ಕೇಳಿದಳು: “ಇದಕ್ಕೆ ಕೈಗವಸು ಹಾಕಿಕೊಳ್ಳಬೇಕಾ?”

ವೈಶಾಲಿ ಬೇಗನೆ ಮುಂದಿನದಕ್ಕೆ ಹಾರಿದಳು. ಎಲ್ಲರೂ ಅಂಗಾತ ಮಲಗಿ, ಕೈಕಾಲು ಸಡಿಲ ಬಿಡಿ, ಕಣ್ಣು ಮುಚ್ಚಿ. ದೀಪ ಮಂದವಾಯಿತು. ಸಮುದ್ರದ ಅಲೆಗಳ ಸದ್ದು ಎಲ್ಲಿಂದಲೋ ಬಂತು. ಹಿಂದಿನ ಸಾಲಿನಲ್ಲಿ ಆಗಲೇ ಯಾರದೋ ಗೊರಕೆ.

“ಈ ಭಂಗಿಗೆ ಏನಂತಾರೆ?” ಬಾಗಿಲ ಬಳಿ ನಿಂತಿದ್ದ ಲಿಂಡ್ಸೆ ಪಿಸುಗುಟ್ಟಿದಳು.

ವೈಶಾಲಿ ಬಾಯಿ ತೆರೆದಳು. ಹೆಣದ ಭಂಗಿ ಎಂದು ಹೇಳಬೇಕಿತ್ತು. ನಾಲಿಗೆಯ ತುದಿಗೆ ಬಂದ ಆ ಮಾತನ್ನು ಹಿಡಿದುಕೊಂಡೇ ಚಾಪೆಗಳ ಕಡೆ ತಿರುಗಿ ನೋಡಿದಳು. ಕೈ ಬಿಟ್ಟು, ಕಾಲು ಬಿಟ್ಟು, ಕಣ್ಣು ಮುಚ್ಚಿ ಮಲಗಿದ ಸಾಲು ಸಾಲು ನರ್ಸುಗಳು. ಐದು ತಿಂಗಳು ಊರಿನ ಉಸಿರು ಎಳೆದು ತಂದವರು. ಇವರಿಗೆ ಈಗ ಸಮಾಧಾನದಿಂದ ಸತ್ತ ಹಾಗೆ ಮಲಗುವುದನ್ನು ಕಲಿಸುತ್ತಿರುವವಳು ತಾನು. ತಾಳಿದವನು ಬಾಳಿಯಾನು ಎಂದು ನಮ್ಮ ಕಡೆ ಹೇಳುತ್ತಾರೆ. ತಾಳಿಸುವವನು ಯಾವಾಗಲೂ ಬಾಳಿಯೇ ಬಾಳುತ್ತಾನೆ ಎನ್ನುವ ಉಳಿದರ್ಧವನ್ನು ಮಾತ್ರ ಯಾರೂ ಗಾದೆ ಮಾಡಲಿಲ್ಲ.

“ಏಳ್ರೀ!” ಎಂದು ಕೂಗಿದಳು ವೈಶಾಲಿ. ಕನ್ನಡದಲ್ಲೇ ಕೂಗಿದಳು. “ಏಳ್ರೀ ಯವ್ವಾ! ಯಾಕ ಹೆಣ ಆಗಿ ಬಿದ್ದೀರಿ? ಏಳ್ರಿ!”

ಭಾಷೆ ತಿಳಿಯದಿದ್ದರೂ ನರ್ಸುಗಳಿಗೆ ದನಿ ತಿಳಿಯುತ್ತದೆ. ನಲವತ್ತು ಜನ ಒಂದೇ ಏಟಿಗೆ ಎದ್ದು ಕುಳಿತರು. ಗೊರಕೆಯವಳು ಯಾವ ಹಾಸಿಗೆ, ಯಾವ ಹಾಸಿಗೆ ಎಂದು ಓಡಲು ಸಜ್ಜಾದಳು.

“ಕ್ಷಮಿಸಿ,” ಎಂದಳು ವೈಶಾಲಿ ಇಂಗ್ಲಿಷಿಗೆ ತಿರುಗಿ. “ನನಗೆ ಯೋಗ ಬರುವುದಿಲ್ಲ. ನನ್ನ ಊರಿನಲ್ಲಿ ನಿನ್ನೆ ಒಂದು ಹಬ್ಬವಿತ್ತು. ಅದರಲ್ಲಿ ಯಾರೋ ಸತ್ತರೆಂದು ಎಲ್ಲರೂ ಸೇರಿ ಬಾಯಿ ಬಡಿದುಕೊಳ್ಳುತ್ತಾರೆ. ನನಗೆ ಗೊತ್ತಿರುವ ಅಭ್ಯಾಸ ಅದೊಂದೇ. ಅದೂ ಗಂಡಸರದು. ನಿನ್ನೆ ನನ್ನ ಅತ್ತೆ ಕದ್ದು ತಂದರು.”

“ಬಾಯಿಗೆ ಕೈಯಾ?” ಎಂದಳು ಮಾರಿಬೆಲ್ ಗಾಬರಿಯಿಂದ, ಗೋಡೆಯ ಬರಹ ತೋರಿಸುತ್ತ.

ಒಂದು ಗಳಿಗೆ ಎಲ್ಲರೂ ಗೋಡೆ ನೋಡಿದರು. ಆಮೇಲೆ ನಡೆದದ್ದು ಬಾಗಲಕೋಟೆಯ ಯಾವ ಕಾಮಣ್ಣನೂ ಕಂಡಿರಲಾರ. ಬಾಗಿಲ ಬಳಿಯ ಸ್ಯಾನಿಟೈಸರಿನ ಮುಂದೆ ನರ್ಸುಗಳು ಸಾಲಾಗಿ ನಿಂತು, ಬೆರಳ ಸಂದುಗಳಿಗೂ ತಿಕ್ಕಿ, ಮುಂಗೈಗೂ ತಿಕ್ಕಿ, ಗಾಳಿಗೆ ಒಣಗಿಸಿಕೊಂಡು ಶಾಸ್ತ್ರೋಕ್ತವಾಗಿ ಹೊಯ್ಕೊಳ್ಳಲು ಬಂದರು. ಇಥಿಯೋಪಿಯಾದ ಅಲ್ಮಾಜ್, ಎಲ್ಲರಿಗಿಂತ ಹಿರಿಯ ನರ್ಸು, ಒಂದು ಸ್ಟೀಲ್ ಬೇಸಿನ್ ಹುಡುಕಿ ತಂದು ಕಂಕುಳಿಗೇರಿಸಿದಳು. “ನಮ್ಮಲ್ಲಿ ಎದೆ ಬಡಿದುಕೊಳ್ಳುತ್ತೇವೆ,” ಎಂದಳು. “ಬಾಯಾದರೂ ನಡೆಯುತ್ತದೆ. ಸತ್ತವರು ಯಾರು, ಅದು ಹೇಳು.”

ಲಿಂಡ್ಸೆ ಗಡಿಯಾರ ನೋಡಿದಳು. ವೈಶಾಲಿ ಕಾಮಣ್ಣನ ಹೆಸರು ಹೇಳಬೇಕೆಂದಿದ್ದಳು. ಬಾಯಿಗೆ ಬಂದದ್ದು ಬೇರೆ.

“ಏಳನೇ ಹಾಸಿಗೆಯ ತಾಯಿ ಸತ್ತಳು,” ಎಂದಳು.

ಮಾರಿಬೆಲ್ ಕಣ್ಣು ಮುಚ್ಚಿದಳು. ಅಲ್ಮಾಜ್ ಬೇಸಿನ್ನಿಗೆ ಒಂದು ಪೆಟ್ಟು ಹಾಕಿದಳು. ವೈಶಾಲಿ ಮುಂಗೈಯನ್ನು ಬಾಯಿಗೆ ಬಡಿದಳು. ಮೊದಲ ಲಬೋ ಗಾಳಿ ಹೋದ ಟೈರಿನಂತೆ ಬಂತು. ಎರಡನೆಯದಕ್ಕೆ ಮಾರಿಬೆಲ್ ಜೊತೆಯಾದಳು. ಮೂರನೆಯದು ಎಲ್ಲಿಂದ ಬಂತೋ, ಪಾದದಿಂದ ಬಂತು, ಅಕ್ಟೋಬರಿನಿಂದ ಬಂತು. ನಲವತ್ತು ಬಾಯಿಗಳ ಕೂಗಿಗೆ ಸಭಾಂಗಣದ ಸಮುದ್ರದ ಅಲೆ ಮುಳುಗಿಹೋಯಿತು. ವೈಶಾಲಿಯ ಕಣ್ಣು, ಮೂಗು ಒಟ್ಟಿಗೇ ಸುರಿದವು. ಯಾರೂ ಟಿಶ್ಯೂ ಕೊಡಲು ಓಡಲಿಲ್ಲ. ಎಲ್ಲರದೂ ಸುರಿಯುತ್ತಿತ್ತು.

ಉಸಿರು ತಿರುಗಿಸಿಕೊಳ್ಳಲು ನಿಂತಾಗ ಗೊರಕೆಯವಳು ಮೆಲ್ಲಗೆ ಕೇಳಿದಳು: “ಬೇರೆ ಯಾರಾದರೂ ಸತ್ತಿರಬಹುದಾ?”

“ನಮ್ಮಲ್ಲಿ ಏನು ಬೇಕಾದರೂ ಸಾಯಬಹುದು,” ಎಂದಳು ವೈಶಾಲಿ, ಮುಖ ಒರೆಸುತ್ತ.

“ಹಾಗಾದರೆ ನನ್ನ ಮಧ್ಯಾಹ್ನದ ಊಟ ಸತ್ತಿತು!” ಎಂದಳು ಮಾರಿಬೆಲ್.

“ಲಬೋ ಲಬೋ ಲಬೋ!”

“ಬಾತ್‌ರೂಮಿಗೂ ಬಿಡದೆ ನನ್ನ ಮೂತ್ರಕೋಶ ಸತ್ತಿತು!”

“ಲಬೋ ಲಬೋ ಲಬೋ!”

“ನನಗೆ ಸಹಾಯಕ್ಕೆ ಬರಬೇಕಿದ್ದ ಇನ್ನೊಬ್ಬ ನರ್ಸು ಸತ್ತಳು, ಅವಳು ಹುಟ್ಟಿಯೇ ಇರಲಿಲ್ಲ!” ಎಂದಳು ಅಲ್ಮಾಜ್. ಬೇಸಿನ್ನು ತಗ್ಗು ಬೀಳುವಂತೆ ಬಡಿದಳು.

ಆ ಕೂಗಿಗೆ ಕಾವಲಿನವನು ಓಡಿ ಬಂದ. ಅವನ ಹಿಂದೆ, ಪಕ್ಕದ ಕೋಣೆಯಲ್ಲಿ ದೇಣಿಗೆದಾರರ ಜೊತೆ ಕಾಫಿ ಕುಡಿಯುತ್ತಿದ್ದ ಆಡಳಿತದ ಸೂಟುಗಳೂ ಬಂದವು. “ಯಾರು ಸತ್ತರು?” ಎಂದು ಕೇಳಿದ ಕಾವಲಿನವನು. ಆ ಪ್ರಶ್ನೆಯೇ ಬಿದ್ದು ಬಿದ್ದು ನಗುವುದಕ್ಕೆ ಸಾಕಾಯಿತು. ಅಳು ಎಲ್ಲಿ ಮುಗಿಯಿತು, ನಗು ಎಲ್ಲಿ ಹಿಡಿಯಿತು ಎಂದು ಯಾರೂ ಗೆರೆ ಎಳೆಯಲಾರರು. ವೈಶಾಲಿ ನಕ್ಕಳು. ಚಾಪೆಯ ಮೇಲೆ ಕುಸಿದು, ಮಾರಿಬೆಲ್‌ಳ ಹೆಗಲು ಹಿಡಿದು ನಕ್ಕಳು. ಹಿಡಿದದ್ದು ಹೆಗಲೆಂದು, ಬೆಚ್ಚಗಿದೆ ಎಂದು, ಮೂಳೆಯ ಮೇಲೆ ಮಾಂಸ ಕಡಿಮೆಯಾಗಿದೆ ಎಂದು ಅವಳ ಕೈಗೆ ತಿಳಿಯಿತು.

“ಇದರ ಪ್ರಯೋಜನವೇನು?” ಎಂದು ಕೇಳಿದ ಒಬ್ಬ ಸೂಟು, ಲಿಂಡ್ಸೆಯ ಕಡೆ ತಿರುಗಿ.

ಉತ್ತರ ಕೊಟ್ಟವಳು ಅಲ್ಮಾಜ್. “ಮನಸ್ಸು ಹಗುರಾಗುತ್ತದೆ ಸ್ವಾಮಿ. ಪ್ರತಿ ಸೋಮವಾರ ಮಾಡೋಣ ಅಂತಿದ್ದೇವೆ. ಊಟ ಬದುಕಿ ಬರುವ ತನಕ.”

ಲಿಂಡ್ಸೆ ಸೂಟುಗಳನ್ನು ನೋಡಿದಳು, ನರ್ಸುಗಳನ್ನು ನೋಡಿದಳು. ಅವಳೂ ಒಂದು ಕಾಲದಲ್ಲಿ ನಿಂತೇ ಉಂಡವಳು. “ಪಾಳಿಗೊಬ್ಬ ನರ್ಸನ್ನು ಊಟದ ಹೊತ್ತಿನ ಬದಲಿಗೆಂದೇ ಕೊಟ್ಟರೆ ಸಾಕು ಎಂದು ನಾನು ಅಕ್ಟೋಬರಿನಲ್ಲೇ ಕೇಳಿದ್ದೆ,” ಎಂದಳು, ಎಲ್ಲರಿಗೂ ಕೇಳುವಂತೆ. ಆಮೇಲೆ ಸ್ಯಾನಿಟೈಸರಿನ ಹತ್ತಿರ ಹೋಗಿ ಕೈ ತಿಕ್ಕಿಕೊಳ್ಳತೊಡಗಿದಳು.

ಗೆದ್ದುಬಿಟ್ಟರು ಎಂದು ಬರೆದರೆ ಸುಳ್ಳಾಗುತ್ತದೆ. ಸೂಟುಗಳು ಮಧ್ಯಾಹ್ನ ಸಭೆ ಸೇರಿ, ಚಳಿಗಾಲ ಮುಗಿಯುವ ತನಕ ಪಾಳಿಗೊಬ್ಬ ಬದಲಿ ನರ್ಸು, ಅದೂ ಪ್ರಯೋಗಕ್ಕೆ, ಎಂದರು. ಆ ಮೇಲಿನದಕ್ಕೆ ಮತ್ತೆ ಬಾಯಿ ಬಡಿದುಕೊಳ್ಳಬೇಕು. ಬಾಯಿ ಇದ್ದವರಿಗೆ ಅದೇನು ದೊಡ್ಡದಲ್ಲ. ಅಲ್ಮಾಜ್ ಬೇಸಿನ್ನನ್ನು ತೊಳೆಯದೆ ತನ್ನ ಲಾಕರಿನಲ್ಲಿಟ್ಟಳು.

ಸಂಜೆ ಮನೆಗೆ ಬಂದಾಗ ವೈಶಾಲಿಯ ಗಂಟಲು ಪೂರ್ತಿ ಕಟ್ಟಿತ್ತು. ಪ್ರಶಾಂತ ಗಡಿಯಾರ ನೋಡಿ, “ಕೆನ್ಮೋರ್‌ದವ್ರು ಕಾಯಾಕತ್ತಿರತಾರ. ಏನ್ ಹೇಳ್ತಿ?” ಎಂದ. ವೈಶಾಲಿ ಬೇಡ ಎಂದು ಕೈಯಾಡಿಸಿದಳು. ಅವನು ಅವಳ ಮುಖವನ್ನು ಒಂದು ಕ್ಷಣ ದಿಟ್ಟಿಸಿದ. ಕೆಟ್ಟುಹೋಗಿದ್ದ ಯಾವುದೋ ಭಾಗ ತಾನಾಗಿ ಓಡುತ್ತಿರುವುದನ್ನು ಕಂಡ ಎಂಜಿನಿಯರನಂತೆ, ಫೋನು ಕೊಟ್ಟ.

ಮೇಲ್ವಿಚಾರಕಿ ಮನೆಗೆ ಹೋಗಿದ್ದಳು. ಕರೆ ಸರದಿಯ ಮೇಲೆ ಕುಳಿತ ಸಲಹೆಯ ನರ್ಸಿಗೆ ಹೋಯಿತು. ವೈಶಾಲಿ ತನ್ನ ಹೆಸರು ಹೇಳಿ, ಆ ಕೆಲಸಕ್ಕೆ ಬರುವುದಿಲ್ಲ ಎಂದು ತಿಳಿಸಲು ಬಾಯಿ ತೆರೆದಳು. ಕೀರಲು ಗಾಳಿ ಬಿಟ್ಟು ಮತ್ತೇನೂ ಹೊರಡಲಿಲ್ಲ.

“ಗಾಬರಿಯಾಗಬೇಡಿ,” ಎಂದಿತು ಆ ಕಡೆಯ ಮೃದು ದನಿ. “ಗಂಟಲು ಯಾವಾಗಿನಿಂದ ಹೀಗಿದೆ? ಜ್ವರ ಇದೆಯೇ? ನೀರು ಕುಡಿಯುತ್ತಿದ್ದೀರಾ? ಹಂದಿಜ್ವರದ ರೋಗಿಗಳ ಹತ್ತಿರ ಹೋಗಿದ್ದಿರಾ?”

“ದಿನಾ,” ಎಂದಳು ವೈಶಾಲಿ, ಹೇಗೋ.

“ಅಯ್ಯೋ ದೇವರೇ. ಹಾಗಾದರೆ ತಡ ಮಾಡಬೇಡಿ. ಹತ್ತಿರದ ಆಸ್ಪತ್ರೆಗೆ ಹೋಗಿ. ಅಲ್ಲಿ ಒಳ್ಳೆಯ ನರ್ಸುಗಳಿರುತ್ತಾರೆ.”

“ಹೋಗುತ್ತೇನೆ,” ಎಂದಳು ವೈಶಾಲಿ. “ನಾಳೆ ಬೆಳಿಗ್ಗೆ ಏಳಕ್ಕೆ.”

ಫೋನು ಇಡುವಷ್ಟರಲ್ಲಿ ಅವಳ ಭುಜ ಕುಲುಕತೊಡಗಿತ್ತು. ಸದ್ದೇ ಇಲ್ಲದ ನಗು, ಕಣ್ಣ ತುಂಬ ನೀರು. ಹೆಂಚಿನ ಮುಂದೆ ನಿಂತಿದ್ದ ಪಾರ್ವತೆವ್ವ ಸೌಟು ಹಿಡಿದೇ ಓಡಿ ಬಂದಳು.

“ಯಾಕವಾ, ಏನಾತು? ಅಳಾಕತ್ತೀಯೋ, ನಗಾಕತ್ತೀಯೋ?”

ವೈಶಾಲಿ ಎರಡಕ್ಕೂ ತಲೆಯಾಡಿಸಿದಳು.

“ಹಂಗಾರ ಚಲೋ ಆತು ಬಿಡು,” ಎಂದಳು ಪಾರ್ವತೆವ್ವ. “ಬಾ, ಹೋಳಿಗಿ ಬಿಸಿ ಐತಿ.”